ನಾಲ್ಕು ಯೂನಿಟ್ಟು, ನಾಲ್ಕು ಕೊಡ

ಚಹಾ ಇನ್ನೇನು ಉಕ್ಕಬೇಕು, ಅಷ್ಟರಲ್ಲಿ ಒಲೆಯ ಉರಿ ಒಮ್ಮೆ ಹಳದಿಯಾಗಿ, ಕೆಮ್ಮಿದಂತೆ ಮಾಡಿ, ಆರಿಹೋಯಿತು. ಮಜೀದ ಸಿಲಿಂಡರನ್ನು ಅಲ್ಲಾಡಿಸಿದ, ಓರೆ ಮಾಡಿದ, ಕಿವಿ ಹಚ್ಚಿ ಕೇಳಿದ. ಒಳಗೆ ಏನೂ ಇರಲಿಲ್ಲ. ಹೊಸದು ಬರುವುದು ನಾಳೆ.

ಬೇರೆ ದಿನವಾಗಿದ್ದರೆ ಅವನು ಗ್ಯಾರೇಜಿಗೆ ಹೋಗುವ ದಾರಿಯಲ್ಲೇ ಚಹಾ ಕುಡಿದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಇವತ್ತು ಮಗಳು ನಿಲೋಫರಳ ಚಿಲ್ಲಾ, ಹೆರಿಗೆಯ ನಲವತ್ತನೆಯ ದಿನ. ಬಾಣಂತಿಗೆ ತಲೆಯಿಂದ ಪಾದದವರೆಗೆ ಬಿಸಿನೀರು ಹೊಯ್ದು, ಹೊಸ ಬಟ್ಟೆ ಉಡಿಸಿ, ಸಂಜೆ ಹಳಿಯಾಳದ ಬೀಗರ ಜೊತೆ ಕಳಿಸಬೇಕು. ಬೀಗತಿ ಮಧ್ಯಾಹ್ನದ ಹೊತ್ತಿಗೆ ಬರುತ್ತಾಳೆ. ನಲವತ್ತು ದಿನದ ಬಾಣಂತಿ ನೀರಿಗೇ ಎರಡು ಸಿಲಿಂಡರು ಮುಗಿದಿದ್ದವು.

"ಗೀಜರ್ ಹಾಕ್ರಿ," ಎಂದಳು ಹೆಂಡತಿ ಸಿರಾಜುನ್ನಿಸಾ.

ಗೀಜರು ಬಚ್ಚಲಿನ ಗೋಡೆಯ ಮೇಲೆ ಷೋಕೇಸಿನ ಪಿಂಗಾಣಿ ಕಪ್ಪಿನಂತೆ ಕೂತಿತ್ತು. ಬಂದವರಿಗೆ ತೋರಿಸುವುದಕ್ಕೆ ಮಾತ್ರ.

"ನೂರಾ ತೊಂಬತ್ತಾರು," ಎಂದ ಮಜೀದ.

ಸಿರಾಜುನ್ನಿಸಾ ಆರಿದ ಒಲೆಯಿಂದ ಚಹಾದ ಪಾತ್ರೆ ಇಳಿಸಿದಳು. ಅಂಬೇವಾಡಿಯ ಆ ಓಣಿಯಲ್ಲಿ ಬರಿ ಸಂಖ್ಯೆ ಹೇಳಿದರೆ ಸಾಕು, ಅದು ಯೂನಿಟ್ಟು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಇನ್ನೂರರ ಒಳಗಿದ್ದರೆ ಕರೆಂಟು ಫುಕಟ್. ದಾಟಿದರೆ ಮೊದಲನೆಯ ಯೂನಿಟ್ಟಿನಿಂದ ಪೂರಾ ಬಿಲ್ಲು. ಕರೆಂಟು ಹುಟ್ಟುವುದು ಅಲ್ಲೇ ಅಂಬಿಕಾನಗರದ ಕಡೆ. ತವರುಮನೆ ಇಷ್ಟು ಹತ್ತಿರವಿದ್ದರೂ ಅದು ಓಣಿಯವರಿಗೆ ಒಂದು ಯೂನಿಟ್ಟಿನ ಸಲಿಗೆ ಕೊಟ್ಟಿರಲಿಲ್ಲ. ಮೀಟರ್ ಓದುವವನು ಬರುವುದೂ ಇವತ್ತೇ, ಹನ್ನೆರಡರ ಸುಮಾರಿಗೆ. ಬಿಲ್ಲು ಬಂದರೆ ಕಟ್ಟಲು ಮನೆಯಲ್ಲಿ ಇದ್ದ ಹಣವೆಂದರೆ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟ ಎರಡು ಸಾವಿರ. ಅದು ಮೊಮ್ಮಗನ ಬೆಳ್ಳಿ ಕಡಗದ್ದು. ಕಡಗ ಅಕ್ಕಸಾಲಿಯ ಹತ್ತಿರ ತಯಾರಾಗಿ ಕೂತಿತ್ತು. ಸಂಜೆ ಹಣ ಕೊಟ್ಟು ತಂದು, ಬೀಗತಿಯ ಎದುರಿಗೆ ಕೂಸಿನ ಕೈಗೆ ಹಾಕಬೇಕು.

ಈ ನೂರಾ ತೊಂಬತ್ತಾರು ಹೇಗಾಯಿತು ಅನ್ನುವುದೇ ಮಜೀದನಿಗೆ ತಿಳಿದಿರಲಿಲ್ಲ. ಹೋದ ಸಲ ಮೀಟರ್ ಓದಿದ ದಿನ ಅವನೇ ಕ್ಯಾಲೆಂಡರಿನಲ್ಲಿ ಅಂಕಿ ಬರೆದಿಟ್ಟು, ದಿನವೂ ಅದನ್ನು ಕಳೆದು ಲೆಕ್ಕ ಹಿಡಿಯುತ್ತಿದ್ದ. ಅವತ್ತಿನಿಂದ ಫ್ರಿಜ್ಜು ಬಂದ್, ಟಿ.ವಿ. ಬಂದ್. ಫ್ಯಾನು ಕೂಸು ಮಲಗಿದಾಗ ಮಾತ್ರ. ಆದರೂ ಮೀಟರು ಬೇಸಿಗೆಯ ಜ್ವರದಂತೆ ಏರುತ್ತಲೇ ಇತ್ತು.

ಅಷ್ಟರಲ್ಲಿ ಎದುರುಮನೆಯ ಗೋದುಬಾಯಿ ಬಂದಳು. ಓಣಿಯ ಬಾಣಂತಿಯರಿಗೆಲ್ಲ ನೀರು ಹಾಕುವವಳು ಅವಳೇ.

"ನೀರು ಎಲ್ಲಿಗೆ ಬಂತು? ನಾಕು ಕೊಡ ಕುದಿಯೂ ನೀರು ಬೇಕು ನನಗ. ತಣ್ಣೀರು ಆಮೇಲೆ ನಾನ ಬೆರಸ್ಕೋತೇನಿ."

"ಗ್ಯಾಸ್ ತೀರೇತಿ ವೈನಿ," ಎಂದ ಮಜೀದ. "ನಿಮ್ಮದೊಂದು ತಾಮ್ರದ ಬಂಬ ಇತ್ತಲ್ಲ, ಕಟಗಿ ಹಾಕಿ ನೀರು ಕಾಸೂದು?"

"ಅದರಾಗ ತುಳಸಿ ಐತಿ."

"ಬೆಚ್ಚಗಿನ ನೀರಾಗ ಮುಗಿಸಿದ್ರ?"

ಗೋದುಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮುಗಸೂಣಂತ. ನಾಳೆ ಹುಡುಗಿಗೆ ಸೊಂಟ ಹಿಡೀತಂದ್ರ ಬೀಗತಿ ಯಾರ ಹೆಸರು ಹೇಳ್ತಾಳ? ಹಳಿಯಾಳದಿಂದ ದಾಂಡೇಲಿತನಕ ಕೇಳಸೂಹಂಗ ಹೇಳ್ತಾಳ."

ಮಜೀದ ಜಗುಲಿಗೆ ಬಂದು ನಿಂತ. ಕಾಗದದ ಮಿಲ್ಲಿನವರು ಕೆಲಸಗಾರರಿಗೆ ಕಟ್ಟಿಸಿದ ಹಳೆಯ ಜೋಡಿಮನೆ ಅದು. ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗುಲಿ. ಗೋಡೆಯ ಮೇಲಿನ ಹಲಗೆಯಲ್ಲಿ ಎರಡು ಮೀಟರು. ಎಡಗಡೆಯ ಮನೆ ಮಜೀದನದು. ಬಲಗಡೆಯ ಮನೆ ಲಗಮಪ್ಪನದು.

ಲಗಮಪ್ಪ ಬೇವಿನ ಕಡ್ಡಿ ಜಗಿಯುತ್ತ ಕಟ್ಟೆಯ ಮೇಲೆ ಕೂತಿದ್ದ. ಮೂವತ್ತು ವರ್ಷ ಮಿಲ್ಲಿನ ಬಾಯ್ಲರಿನ ಮುಂದೆ ನಿಂತು ನಿವೃತ್ತನಾದವನು. ನೀರು ಕುದಿಯುವ ವಿಷಯದಲ್ಲಿ ಅವನ ಎದುರು ಓಣಿಯಲ್ಲಿ ಯಾರೂ ಬಾಯಿ ತೆಗೆಯುತ್ತಿರಲಿಲ್ಲ.

"ಎಷ್ಟಾತಪಾ ನಿಂದು?" ಎಂದ.

"ನೂರಾ ತೊಂಬತ್ತಾರು ಕಾಕಾ. ನಿಮ್ಮದು?"

ಲಗಮಪ್ಪ ಬಲಗಡೆಯ ಮೀಟರನ್ನು ಸಾಕಿದ ಎತ್ತಿನಂತೆ ಅಕ್ಕರೆಯಿಂದ ನೋಡಿದ. "ಎಂಬತ್ತೆಂಟು. ದಿನಾ ಎರಡು ಹೊತ್ತು ಕಾಯಿಲ್ ಹಾಕಿ ಬಿಸಿನೀರು ಮೈಮ್ಯಾಲೆ ಹಾಕ್ಕೋತೇನಿ. ಇಡೀ ದಿನ ಟಿ.ವಿ. ಆದರೂ ಎಂಬತ್ತೆಂಟು. ಯಾಕ ಅಂತ ಕೇಳು."

"ಯಾಕ?"

"ಮುಚ್ಚಳ. ಮುಚ್ಚಳ ಇಲ್ಲದ ನೀರು ಕಾಸೂದಂದ್ರ ತೂತಿನ ಚೀಲದಾಗ ಜ್ವಾಳ ತುಂಬಿದಂಗ. ಆಮ್ಯಾಲೆ ಕಾಯಿಲ್ ಮ್ಯಾಲಿನ ಬಿಳಿ ಸುಣ್ಣ. ಅದನ್ನ ಹುಣಸಿಹಣ್ಣು ಹಚ್ಚಿ ತಿಕ್ಕಬೇಕು. ಇಲ್ಲಂದ್ರ ಕರೆಂಟ್ ಮೊದಲ ಸುಣ್ಣಕ್ಕ ಊಟಕ್ಕ ಹಾಕಿ, ಉಳಿದದ್ದು ನೀರಿಗೆ ಕೊಡ್ತೈತಿ. ಹೆಂಗ ಮಾಡಿದ್ರೂ ಒಂದು ಕೊಡ ಕುದಿಯಾಕ ಒಂದೂವರೆ ಯೂನಿಟ್ ಬೇಕಪಾ. ನಿಂಗ ಉಳಿದದ್ದು ನಾಕು. ನಾಕು ಕೊಡಕ್ಕ ಆರು."

ಮಜೀದ ಲೆಕ್ಕ ಹಾಕಿದ. ಹೇಗೆ ಹಾಕಿದರೂ ಕಡಗ ನೀರಿನಲ್ಲಿ ಮುಳುಗುತ್ತಿತ್ತು.

"ಕಾಕಾ, ನಾಕು ಕೊಡ ನಿಮ್ಮ ಮನಿಯಾಗ ಕಾಸಿಕೊಡ್ರಿ."

ಲಗಮಪ್ಪ ಬೇವಿನ ಕಡ್ಡಿ ಬಾಯಿಂದ ತೆಗೆದ. "ಪಿಂಚಣಿ ಮನಿಶ್ಯಾ ನಾನು. ಏನರ ಹೆಚ್ಚುಕಮ್ಮಿ ಆಗಿ ಇನ್ನೂರು ದಾಟಿದ್ರ?"

ಎಂಬತ್ತೆಂಟರಿಂದ ಇನ್ನೂರಕ್ಕೆ ಇರುವ ದೂರ ನೋಡಿ ಮಜೀದನಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಎದೆಯ ಮೇಲೆ ಕೈ ಇಟ್ಟ. "ನಿಮ್ಮದು ಇನ್ನೂರು ದಾಟಿದ್ರ ಪೂರಾ ಬಿಲ್ ನಂದು ಕಾಕಾ. ಗೋದುವೈನಿ ಸಾಕ್ಷಿ."

"ಕೇಳೇನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಗೋದುಬಾಯಿ.

ಲಗಮಪ್ಪ ಕೆಲಸಕ್ಕೆ ಇಳಿದ. ಕೊಡದೊಳಗೆ ಕಾಯಿಲ್ ಇಳಿಸಿದ, ಬಾಯಿಗೆ ಹಲಗೆ ಮುಚ್ಚಿದ, ಸುತ್ತ ಗೋಣಿಚೀಲ ಸುತ್ತಿದ, ಮಿಲ್ಲಿನ ಸೈರನ್ನು ಆದಂತೆ ಗಂಟಲು ಸರಿಮಾಡಿಕೊಂಡು ಸ್ವಿಚ್ಚು ಒತ್ತಿದ. ಗಂಟೆಗೊಂದು ಕೊಡ. ಮೊದಲನೆಯದು ಬುಳುಬುಳು ಕುದಿಯಿತು. ಮಜೀದ ಅದನ್ನು ಗೋಣಿಚೀಲದ ಸಮೇತ ಹೊತ್ತು ತಂದು ತನ್ನ ಬಚ್ಚಲಲ್ಲಿ ಇಟ್ಟ. ಸಮಾಧಾನಕ್ಕೆಂದು ಬಂದು ಮೀಟರು ನೋಡಿದ.

ನೂರಾ ತೊಂಬತ್ತೇಳೂವರೆ.

"ಸಿರಾಜ, ಏನರ ಹಾಕೀಯೇನು?"

"ಏನೂ ಇಲ್ಲ. ಫ್ಯಾನ್ ಒಂದು. ಕೂಸು ಮಲಗೇತಿ."

ಫ್ಯಾನು ನಿಂತಿತು. ಕೂಸು ಎದ್ದಿತು. ಮಜೀದ ಮೊದಲೇ ನಿಂತಿದ್ದ ಫ್ರಿಜ್ಜಿನ ವಾಯರನ್ನೂ ಕಿತ್ತ, ಚಾರ್ಜಿಗೆ ಇಟ್ಟ ಫೋನು ಕಿತ್ತ, ಗೀಜರಿನ ಸ್ವಿಚ್ಚು ಬಂದ್ ಇದ್ದರೂ ಇನ್ನೊಮ್ಮೆ ಒತ್ತಿ ನೋಡಿದ. ಎರಡನೆಯ ಕೊಡ ಕುದಿಯುವ ಹೊತ್ತಿಗೆ ಮೀಟರಿನಲ್ಲಿ ನೂರಾ ತೊಂಬತ್ತೊಂಬತ್ತು.

ಮಜೀದ ಒಳಗೆ ನುಗ್ಗಿದ. ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದ. ಜಗುಲಿಗೆ ಓಡಿಬಂದ. ಎಡಗಡೆಯ ಮೀಟರಿನ ಕೆಂಪು ದೀಪ ಇನ್ನೂ ಲಟಲಟ ಮಿಟುಕುತ್ತಿತ್ತು. ಸತ್ತ ಮನುಷ್ಯನ ನಾಡಿ ಬಡಿದಂತೆ.

"ಯಾರೋ ಕದೀತಾರ," ಎಂದಳು ಗೋದುಬಾಯಿ.

"ಯಾರೂ ಕದಿಯಂಗಿಲ್ಲ," ಎಂದ ಲಗಮಪ್ಪ ಗೋಡೆಗೆ ಅಂಗೈ ಹಚ್ಚಿ. "ಲೀಕ್ ಐತಿ. ಹಳೇ ಮನಿ. ಕರೆಂಟ್ ಗ್ವಾಡಿಯೊಳಗ ಇಂಗಿ ಭೂಮಿಗೆ ಹೊಂಟೈತಿ."

"ಹಂಗಾರ ನಿಮ್ಮದೂ ಅದ ಗ್ವಾಡಿ ಅಲ್ಲೇನ್ರಿ?"

"ನಂದು ನೋಡು. ಎರಡು ಕೊಡ ಕಾಸೇನಿ. ಎಂಬತ್ತೆಂಟಿದ್ದದ್ದು ಈಗೂ ಎಂಬತ್ತೆಂಟ. ಕೈಗುಣ ಅಂತಾರ ಇದಕ್ಕ."

ಮಜೀದ ಏಣಿ ಹಾಕಿ ಮನೆಯ ಬಲ್ಬುಗಳನ್ನು ಬಿಚ್ಚಿದ. ಕರೆಂಟೇ ಇಲ್ಲದ ಮನೆಯಲ್ಲಿ ಬಲ್ಬು ಬಿಚ್ಚಿ ಏನು ಉಪಯೋಗ ಎಂದು ಸಿರಾಜುನ್ನಿಸಾ ಕೇಳಿದಳು. ಅವನು ಇನ್ನೊಂದು ಬಲ್ಬು ಬಿಚ್ಚಿ ಅವಳ ಕೈಗೆ ಕೊಟ್ಟ. ಏಣಿಯ ಮೇಲಿದ್ದಾಗಲೇ ರಿಕ್ಷಾ ಬಂದು ನಿಂತಿತು. ಬೀಗತಿ ರಾಹಿಲ ಎರಡು ಗಂಟೆ ಮೊದಲೇ ಬಂದಿದ್ದಳು.

ಅವಳು ಒಳಗೆ ಬಂದು ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು, ನಿಂತ ಫ್ಯಾನನ್ನೂ ಬಲ್ಬಿಲ್ಲದ ಹೋಲ್ಡರನ್ನೂ ನೋಡಿದಳು. "ಕರೆಂಟ್ ಇಲ್ಲೇನ್ರಿ?"

"ಹೋಗೇತ್ರಿ," ಎಂದ ಮಜೀದ. "ಬೆಳಿಗ್ಗೆ ಹಿಡಿದು."

ಗೋಡೆಯ ಆಚೆ ಲಗಮಪ್ಪನ ಟಿ.ವಿ. ಅಡುಗೆ ಕಾರ್ಯಕ್ರಮ ಶುರು ಮಾಡಿತು.

"ಅವರಿಗೆ ಐತಲ್ರಿ."

"ಅವರದು ಬ್ಯಾರೆ ಲೈನ್ ರಿ."

"ಹೂಂ," ಎಂದಳು ರಾಹಿಲ. ಆಮೇಲೆ ಮೊಮ್ಮಗನನ್ನು ಎತ್ತಿಕೊಂಡು, ಅವನ ಬರಿಗೈಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಸಿರಾಜುನ್ನಿಸಾ ಕಣ್ಣು ತಪ್ಪಿಸಿ ಬಚ್ಚಲಿನ ಕಡೆ ಹೋದಳು.

ಮೂರನೆಯ ಕೊಡಕ್ಕೆ ಮೀಟರು ಇನ್ನೂರು ದಾಟಿ ಮೇಲೆ ಅರ್ಧ. ಮಜೀದ ಅದರ ಮುಂದೆ ಕೂತುಬಿಟ್ಟ. ನಾಲ್ಕನೆಯ ಕೊಡವನ್ನು ಯಾರು ಹೊತ್ತು ತಂದರೋ ಅವನಿಗೆ ಗೊತ್ತಾಗಲಿಲ್ಲ. ಬಚ್ಚಲಿಂದ ಉಗಿ, ಬೇವಿನೆಲೆಯ ವಾಸನೆ, ಗೋದುಬಾಯಿಯ ಬೈಗುಳ, ಮಗಳ "ಸುಡ್ತೈತಿ ಮಾವಶಿ" ಎಲ್ಲ ಒಟ್ಟಿಗೆ ಬಂದವು. ಸ್ನಾನವೇನೋ ಹಬೆಯಾಡುವ ನೀರಿನಲ್ಲೇ ಆಯಿತು.

ಹನ್ನೆರಡಕ್ಕೆ ಮೀಟರ್ ಓದುವ ಸ್ಟೀವನ್ ಬಂದ. ಹೆಗಲಿಗೆ ಚೀಲ, ಕೈಯಲ್ಲಿ ಚೀಟಿ ಹರಿಯುವ ಮಷೀನು. ಮಜೀದ ಎದ್ದು ನಿಂತ. ಗ್ಯಾರೇಜಿನಲ್ಲಿ ಎಂಥ ಗಿರಾಕಿ ಬಂದರೂ ಅವನು ಹಾಗೆ ಎದ್ದವನಲ್ಲ.

ಸ್ಟೀವನ್ ಎರಡೂ ಮೀಟರು ನೋಡಿದ, ಒತ್ತಿದ, ಚೀಟಿ ಹರಿದ. "ಮಜೀದಸಾಬ್ರ, ಎಂಬತ್ತೆಂಟು. ಬಿಲ್ ಸೊನ್ನೆ."

ಮಜೀದ ಚೀಟಿ ನೋಡಿದ, ಮೀಟರು ನೋಡಿದ.

"ಎಂಬತ್ತೆಂಟು ಅವರದಲ್ಲೇನೊ?" ಎಂದ. "ನಂದು ಎಡಗಡೆದು."

"ನಿಮ್ಮದು ಬಲಗಡೆದು ರಿ. ಹೋದ ವರ್ಷ ಹೊಸ ಮೀಟರ್ ಕೂಡಿಸಿದಾಗಿಂದ. ವಾಯರ್ ಹಲಗಿ ಹಿಂದ ಅಡ್ಡ ಹಾದಾವು. ಚೀಟಿ ಮ್ಯಾಲೆ ಮೀಟರ್ ನಂಬರ್ ಇರ್ತೈತಲ್ರಿ." ಸ್ಟೀವನ್ ಬೆರಳಿಟ್ಟು ತೋರಿಸಿದ. "ಸೊನ್ನೆ ಒಂದು ನೋಡಿ ಎಲ್ಲಾರೂ ಮಡಚಿ ಇಟ್ಕೋತಾರ. ಮ್ಯಾಲಿಂದು ಯಾರೂ ಓದೂದಿಲ್ಲ."

ಮಜೀದ ಚೀಟಿಯ ಮೇಲಿನ ನಂಬರನ್ನು ಎರಡು ಸಲ ಓದಿದ. ಎಂಬತ್ತೆಂಟು. ಇಡೀ ತಿಂಗಳು ಫ್ರಿಜ್ಜು ಬಂದ್ ಮಾಡಿದ್ದು, ಕತ್ತಲಲ್ಲಿ ಉಂಡಿದ್ದು, ಎಲ್ಲವೂ ನಿಜವಾಗಿಯೇ ಉಳಿದಿತ್ತು. ಗೀಜರು ಹಾಕಿ ನಾಲ್ಕಲ್ಲ, ಎಪ್ಪತ್ತು ಕೊಡ ಕುದಿಸಬಹುದಿತ್ತು. ಕಡಗ ಉಳಿಯಿತು. "ಯಾ ಅಲ್ಲಾ," ಎಂದು ಮೆಲ್ಲಗೆ ಅಂದು, ಒಳಗೆ ಹೆಂಡತಿಯ ಕಡೆ ನೋಡಿ ನಕ್ಕ.

ಆ ನಗು ಒಂದು ಚೀಟಿ ಹರಿಯುವಷ್ಟು ಹೊತ್ತು ಇತ್ತು.

"ಲಗಮಪ್ಪನವ್ರ, ನಿಮ್ಮದು ಇನ್ನೂರಾ ಎರಡು," ಎಂದ ಸ್ಟೀವನ್. "ಸಾವಿರದ ಏಳನೂರಾ ಚಿಲ್ಲರೆ."

ಲಗಮಪ್ಪ ಚೀಟಿ ಹಿಡಿದು ನಿಂತ. ಗೋದುಬಾಯಿ ಒದ್ದೆ ಸೆರಗು ಹಿಂಡುತ್ತ ಬಚ್ಚಲಿಂದ ಹೊರಗೆ ಬಂದಳು. ಮೊದಲು ಚೀಟಿ ನೋಡಿದಳು, ಆಮೇಲೆ ಮಜೀದನನ್ನು.

"ನಾ ಸಾಕ್ಷಿ ಅದೇನಿ," ಎಂದಳು.

"ವೈನಿ, ನೂರಾ ತೊಂಬತ್ತಾರು ಅವರ ಸುಟ್ಟಿದ್ದು..." ಎಂದು ಮಜೀದ ಶುರು ಮಾಡಿದ.

"ನೂರಾ ತೊಂಬತ್ತಾರಕ್ಕ ಬಿಲ್ ಸೊನ್ನೆ," ಎಂದಳು ಗೋದುಬಾಯಿ. "ದಾಟಿಸಿದ್ದು ನಿಮ್ಮ ನೀರು."

"ನಾ ಏನ್ ಕೇಳಂಗಿಲ್ಲಪಾ," ಎಂದ ಲಗಮಪ್ಪ. ಕೇಳದವರು ನಿಲ್ಲುವಂತೆ ಅವನು ನಿಂತಿರಲಿಲ್ಲ. "ಮಾತು ನೀನ ಕೊಟ್ಟಿ. ಬೀಗತಿ ಬಂದಾರ, ಮನಿ ತುಂಬೇತಿ, ಈಗ ಆ ಮಾತು ಬ್ಯಾಡ. ಸಂಜೀಕ ಕೊಟ್ರೂ ಆತು." ಚೀಟಿ ಮಡಚುತ್ತ ಸೇರಿಸಿದ, "ಮುಚ್ಚಳ ಹಾಕಿದ್ದಕ್ಕ ಇನ್ನೂರಾ ಎರಡಕ್ಕ ನಿಂತತಿ. ಇಲ್ಲಂದ್ರ ಇನ್ನೂರಾ ಐದು ಆಗತಿತ್ತು."

ಮಜೀದ ಒಳಗೆ ಹೋಗಿ ಮೇನ್ ಸ್ವಿಚ್ಚು ಮೇಲೆ ಎತ್ತಿದ. ಫ್ಯಾನು ತಿರುಗಿತು.

"ಕರೆಂಟ್ ಬಂತೇನ್ರಿ?" ಎಂದಳು ರಾಹಿಲ, ಕೂಸಿನ ಬರಿಗೈ ಹಿಡಿದುಕೊಂಡೇ.

"ಬಂತ್ರಿ," ಎಂದ ಮಜೀದ.

ಸಿರಾಜುನ್ನಿಸಾ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು.