ಕಣ್ಣ ಕೆಳಗಿನ ಲಗೇಜು

ಚೀಲ ಬಂದದ್ದು ಹೆಂಡತಿಯ ಕಣ್ಣ ಕೆಳಗೆ. ಹೊತ್ತು ತಿರುಗುವ ಹಣೆಬರಹ ಮಾತ್ರ ಜಿಪ್ಪಣ್ಣನದಾಯಿತು.

ಜಿಪ್ಪಣ್ಣ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ನಿಲ್ದಾಣದ ಎದುರಿನ ಇಕ್ಕಟ್ಟಾದ ಅಂಗಡಿಯಲ್ಲಿ ಅವನು ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುತ್ತಿದ್ದ. ಕಿತ್ತುಹೋದ ಹಿಡಿ, ಮುರಿದ ಚಕ್ರ, ಬಾಯಿ ಮುಚ್ಚಲೊಲ್ಲದ ಜಿಪ್ಪು, ಏನೇ ತಂದುಕೊಟ್ಟರೂ ಅವನ ಕೈಯಲ್ಲಿ ಸರಿಹೋಗುತ್ತಿತ್ತು. ಹೆಸರು ಅದರಿಂದ ಬಂದದ್ದು. (ಹೆಂಡತಿ ಎದುರು ನಿಂತರೆ ಅವನ ಬಾಯಿಗೇ ಜಿಪ್ಪು ಬೀಳುತ್ತೆ, ಅದಕ್ಕೆ ಆ ಹೆಸರು ಅನ್ನುವವರೂ ಇದ್ದರು. ಅಂಥವರ ಮಾತು ನಂಬಬೇಡಿ. ಪೂರ್ತಿ ಸುಳ್ಳು ಅಂತ ಹೇಳೋದೂ ಕಷ್ಟ.)

ಹೆಂಡತಿ ರೈಲು ನಿಲ್ದಾಣದಲ್ಲಿ ಅನೌನ್ಸರ್. ಗಾಜಿನ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ನೂರಾರು ಜನರನ್ನು ಒಂದೇ ಮಾತಿಗೆ ಈ ಪ್ಲಾಟ್‌ಫಾರಂನಿಂದ ಆ ಪ್ಲಾಟ್‌ಫಾರಂಗೆ ಎದ್ದೂ ಬಿದ್ದೂ ಓಡಿಸಬಲ್ಲ ಮಹಾರಾಣಿ. ಆ ಅಭ್ಯಾಸ ಮನೆಗೂ ಬಂದಿತ್ತು. "ದಯವಿಟ್ಟು ಗಮನಿಸಿ. ಒದ್ದೆ ಟವಲು ಹಾಸಿಗೆಯ ಮೇಲೆ ಬಂದು ನಿಂತಿದೆ" ಎಂದು ಒಳಕೋಣೆಯಿಂದ ಘೋಷಣೆಯಾದರೆ ಜಿಪ್ಪಣ್ಣ ಎಲ್ಲಿದ್ದರೂ ಓಡಿಬಂದು ಆ ಟವಲನ್ನು ಮುಂದಿನ ನಿಲ್ದಾಣಕ್ಕೆ, ಅಂದರೆ ಬಟ್ಟೆ ಹಾಕುವ ಹಗ್ಗಕ್ಕೆ, ಸಾಗಿಸುತ್ತಿದ್ದ.

ಕಣ್ಣಡಿ ಊದಿ ಇಳಿಬಿದ್ದ ಆ ಚೀಲದ ಚಿಂತೆ ಆಕೆಗೆ ಎಳ್ಳಷ್ಟೂ ಇರಲಿಲ್ಲ. "ನನ್ನ ಮುಖ ನೋಡಿ ಯಾರೂ ರೈಲು ಹತ್ತಲ್ಲ ರೀ. ಧ್ವನಿ ಕೇಳಿ ಹತ್ತೋದು" ಅನ್ನುತ್ತಿದ್ದಳು. ಚಿಂತೆ ಇದ್ದದ್ದು ಊರವರಿಗೆ.

ಮೊದಲು ಶುರು ಮಾಡಿದವರು ಮೇಲಿನ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್. ಮೆಟ್ಟಿಲಲ್ಲಿ ಜಿಪ್ಪಣ್ಣನನ್ನು ಅಡ್ಡಹಾಕಿ, ಕನ್ನಡಕದ ಮೇಲಿಂದ ನೋಡಿ ಕೇಳಿದರು:

"ಏನಪ್ಪಾ, ಬೇಜಾರು ಮಾಡ್ಕೋಬೇಡ. ಆ ಹುಡುಗಿ ದಿನಾ ಅಳ್ತಾಳಾ?"

"ಯಾವ ಹುಡುಗಿ, ಟೀಚರ್?"

"ಮನೇಲಿ ಎಷ್ಟು ಜನರನ್ನ ಇಟ್ಕೊಂಡಿದ್ದೀಯಪ್ಪಾ? ನಿನ್ನ ಹೆಂಡ್ತಿ ಕಣೋ! ಕಣ್ಣು ಹೇಗೆ ಊದಿಕೊಂಡಿವೆ ನೋಡಿದ್ದೀಯಾ?"

ಆ ಮನೆಯಲ್ಲಿ ಯಾರಾದರೂ ಅಳುತ್ತಿದ್ದರೆ ಅದು ಜಿಪ್ಪಣ್ಣ, ಅದೂ ಈರುಳ್ಳಿ ಹೆಚ್ಚುವಾಗ. ಆದರೆ ಹೆಡ್‌ಮಿಸ್ಟ್ರೆಸ್ ಮುಂದೆ ಕೈಕಟ್ಟಿ ನಿಂತವನಿಗೆ ಇಷ್ಟು ದೊಡ್ಡ ಸತ್ಯ ಬಾಯಿಗೆ ಬರಲಿಲ್ಲ. "ಇನ್ಮೇಲೆ ಹಾಗಾಗಲ್ಲ ಟೀಚರ್" ಅಂದುಬಿಟ್ಟ. ಮಾಡದ ತಪ್ಪಿಗೆ ಅಲ್ಲೇ ಒಪ್ಪಿಗೆಯ ಮುದ್ರೆ ಬಿತ್ತು.

ಅಂಗಡಿಯ ಪಕ್ಕದ ಟೈಲರ್ ಇನ್ನೂ ಒಂದು ಕೈ ಮುಂದೆ. "ಜಿಪ್ಪಣ್ಣ, ಚೀಲದ ಸ್ಯಾಂಪಲ್ ಮನೆಗೆ ತಗೊಂಡು ಹೋಗು, ಬೇಡ ಅನ್ನಲ್ಲ. ಹೆಂಡ್ತಿ ಮುಖಕ್ಕೇ ಹೊಲಿಯೋದಾ?"

ಇವನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಅಷ್ಟರಲ್ಲಿ ಅತ್ತೆಯ ವಿಡಿಯೋ ಕಾಲ್ ಬಂತು. ಅತ್ತೆ ಫೋನು ಹಿಡಿಯುವ ಶೈಲಿಯಲ್ಲಿ ಅವರ ಹಣೆ ಮತ್ತು ತಲೆಯ ಮೇಲಿನ ಫ್ಯಾನು ಮಾತ್ರ ಕಾಣುತ್ತಿತ್ತು. ಆದರೆ ಅವರಿಗೆ ಇವರ ಮನೆಯ ಮೂಲೆಮೂಲೆಯೂ ಕಾಣುತ್ತಿತ್ತು.

"ಫೋನು ಅಳಿಯಂದ್ರಿಗೆ ಕೊಡು" ಎಂದಿತು ಹಣೆ.

"ಹೇಳಿ ಅತ್ತೆ" ಎಂದ ಜಿಪ್ಪಣ್ಣ, ಫ್ಯಾನಿನ ಕಡೆ ನೋಡುತ್ತಾ.

"ಮಗಳ ಕಣ್ಣಿಗೆ ಏನಾಗಿದೆ ಅಳಿಯಂದ್ರೇ?"

"ಏನಿಲ್ಲ ಅತ್ತೆ, ಇಲ್ಲಿ ಬೆಳಕು ಸರಿಯಿಲ್ಲ."

"ಬೆಳಕು ಸರಿಯಾಗೇ ಇದೆ. ಭಾನುವಾರ ಬರ್ತೀನಿ, ಕಣ್ಣಾರೆ ನೋಡ್ತೀನಿ. ಹೀಗೇ ಇದ್ರೆ, ಅವಳು ಚೇತರಿಸಿಕೊಳ್ಳೋವರೆಗೂ ಅಲ್ಲೇ ಇದ್ದು ನೋಡ್ಕೋತೀನಿ."

ಹಿಂದೊಮ್ಮೆ ಮಗಳಿಗೆ ಜ್ವರ ಅಂತ ಅತ್ತೆ ಬಂದಿದ್ದರು. ಜ್ವರ ಬಂದ ವಾರವೇ ಹೋಯಿತು. ಅತ್ತೆ ಹೋಗುವ ಹೊತ್ತಿಗೆ ಜಿಪ್ಪಣ್ಣ ತನ್ನ ಕುರ್ಚಿ, ಟಿವಿಯ ರಿಮೋಟು, ಬೀರುವಿನಲ್ಲಿ ತನ್ನ ಅರ್ಧ ಭಾಗ ಎಲ್ಲ ಕಳೆದುಕೊಂಡು, ಪ್ಯಾಂಟು ಷರ್ಟುಗಳನ್ನು ಅಂಗಡಿಯ ಹಳೇ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ನಿರಾಶ್ರಿತನಂತೆ ಬದುಕುತ್ತಿದ್ದ.

ಮಾರನೆಯ ದಿನವೇ ಮೆಡಿಕಲ್ ಷಾಪಿಗೆ ಓಡಿದ. ಅಲ್ಲಿನವನು ಕಷ್ಟಸುಖ ಕೇಳಿ ಕಲ್ಲಾದ ಮನುಷ್ಯ. ಮಾತ್ರೆ ಎಣಿಸುತ್ತಲೇ ಹೇಳತೊಡಗಿದ. "ನಿದ್ದೆ ಕಮ್ಮಿಯಾದ್ರೆ ಬರುತ್ತೆ. ಉಪ್ಪು ಜಾಸ್ತಿ ತಿಂದ್ರೆ ನೀರು ನಿಲ್ಲುತ್ತೆ. ಅಲರ್ಜಿ ಇದ್ರೆ, ಕಣ್ಣು ಉಜ್ಜಿದ್ರೆ ಬರುತ್ತೆ. ವಯಸ್ಸಾದ್ರೂ ಬರುತ್ತೆ."

"ವಯಸ್ಸು ಅಂತ ನಾನು ಮನೇಲಿ ಹೇಳೋಕಾಗಲ್ಲ. ಬೇರೆ ಏನಾದ್ರೂ ಹೇಳಪ್ಪ."

"ತಣ್ಣಗಿನ ಚಮಚ ಇಡಿ. ಟೀ ಬ್ಯಾಗು ಇಡಿ. ತಲೆ ಸ್ವಲ್ಪ ಎತ್ತರ ಮಾಡಿ ಮಲಗಿಸಿ. ಕೆಲವರಿಗೆ ಮನೆತನದಿಂದ..."

ಆ ಮಾತು ಬೆನ್ನಿಗೆ ಬೀಳುವಷ್ಟರಲ್ಲಿ ಜಿಪ್ಪಣ್ಣ ಅರ್ಧ ರಸ್ತೆ ದಾಟಿದ್ದ.

ಹೆಂಡತಿ ಮೊದಲು ಸುತರಾಂ ಒಪ್ಪಲಿಲ್ಲ. "ನನ್ನ ಮುಖ ಏನು ನಿಮ್ಮ ಅಂಗಡಿಗೆ ರಿಪೇರಿಗೆ ಬಂದಿದೆಯಾ?"

"ನಿನಗೋಸ್ಕರ ಅಲ್ಲ ಕಣೇ, ನಿಮ್ಮಮ್ಮನಿಗೋಸ್ಕರ. ಅವರ ಮನಸ್ಸಿಗೆ ನೋವಾಗಬಾರದು ಅಂತ."

ತಾಯಿಯ ಮೇಲೆ ಗಂಡನಿಗೆ ಉಕ್ಕಿದ ಈ ದಿಢೀರ್ ಪ್ರೀತಿಯನ್ನು ಆಕೆ ಸಂಶಯದಿಂದ ನೋಡಿದಳು. ಆದರೂ, "ನಿಮ್ಮ ಸಮಾಧಾನಕ್ಕೆ ಏನು ಬೇಕೋ ಮಾಡ್ಕೊಳ್ಳಿ" ಎಂದು ಮುಖವನ್ನು ಅವನ ವಶಕ್ಕೆ ಕೊಟ್ಟಳು.

ಮೊದಲ ಬೇಟೆ ಉಪ್ಪು. ಅಡುಗೆ ಜಿಪ್ಪಣ್ಣನದೇ ಆದ್ದರಿಂದ ಉಪ್ಪಿನ ಡಬ್ಬಿಯನ್ನು ಗಡೀಪಾರು ಮಾಡುವುದು ಸುಲಭವಾಯಿತು. ತರಕಾರಿ ಸೂಪು ಬಟ್ಟಲಿಗೆ ಬಿದ್ದರೆ ತರಕಾರಿಗಳಿಗೇ ಬೇಸರವಾದಂತೆ ಕಾಣುತ್ತಿತ್ತು. ಹೆಂಡತಿ ತುಟಿಪಿಟಿಕ್ಕೆನ್ನದೆ ಉಂಡಳು. ಆ ತಾಳ್ಮೆಗೆ ಜಿಪ್ಪಣ್ಣ ಕರಗಿಹೋಗಿ, ಉಪಕಾರವಾಗಲಿ ಅಂತ ಅವಳ ಹ್ಯಾಂಡ್‌ಬ್ಯಾಗಿನ ಜಿಪ್ಪು ಸರಿಮಾಡಲು ಕೂತ. ಒಳಗಿನಿಂದ ಚಿಪ್ಸ್‌ನ ಖಾಲಿ ಪೊಟ್ಟಣಗಳು ಒಂದರ ಹಿಂದೊಂದು ಹೊರಟವು, ಗೂಡ್ಸ್ ರೈಲಿನ ಡಬ್ಬಿಗಳ ಹಾಗೆ.

"ಇದೇನೇ?"

"ಟಿಕೆಟ್ ಕೌಂಟರಿನವಳದು. ಎಸೀತೀನಿ ಅಂತ ತಂದೆ" ಎಂದಳು, ಬೆರಳಿಗಂಟಿದ ಉಪ್ಪನ್ನು ನೆಕ್ಕುತ್ತಾ.

ಆಮೇಲೆ ಚಮಚ. ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಡೀ ಹಗಲು ಇಟ್ಟ ಎರಡು ಸ್ಟೀಲು ಚಮಚಗಳನ್ನು ಸಂಜೆ ತಂದು, ಸೋಫಾದಲ್ಲಿ ಒರಗಿದ್ದ ಹೆಂಡತಿಯ ಕಣ್ಣ ಕೆಳಗೆ ಎರಡೂ ಕೈಯಿಂದ ಒತ್ತಿ ಹಿಡಿದ. ಸ್ವಲ್ಪ ತಣ್ಣಗಾದರೆ ಸಾಕು ಅಂತ ಮೆಡಿಕಲ್ ಷಾಪಿನವನು ಹೇಳಿದ್ದಿರಬಹುದು. ಕೇಳಲು ಇವನು ಅಲ್ಲಿ ಇರಬೇಕಲ್ಲ!

"ಅಯ್ಯೋ! ಬೇಡಾ ರೀ! ಬಿಟ್ಟುಬಿಡ್ರೀ!"

ಮೈಕಿಲ್ಲದೆಯೇ ನಾಲ್ಕು ಪ್ಲಾಟ್‌ಫಾರಂ ತುಂಬುವ ಧ್ವನಿ ಅದು. ಮೇಲಿನ ಮನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನಂತರ ಊರುಗೋಲಿನಿಂದ ನೆಲ ಕುಟ್ಟುತ್ತಾ ಹೆಡ್‌ಮಿಸ್ಟ್ರೆಸ್ ಕೂಗಿದರು: "ಏನಪ್ಪಾ ಅದು? ಏನು ಮಾಡ್ತಿದ್ದೀಯಾ ಆ ಹುಡುಗೀನ?"

"ಚಮಚ ಇಡ್ತಿದ್ದೀನಿ ಟೀಚರ್!" ಎಂದು ಇವನೂ ಕೂಗಿದ. ಹೇಳಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ತಲೆ ಎತ್ತರ ಮಾಡುವ ಕೆಲಸದಲ್ಲಿ ಅವನ ವೃತ್ತಿಕೌಶಲ್ಯ ಅಡ್ಡ ಬಂತು. ದಿಂಬಿನ ಮೇಲೆ ದಿಂಬು ಇಟ್ಟರೆ ಸಾಕಿತ್ತು. ಆದರೆ ಗಿರಾಕಿ ಬಿಟ್ಟುಹೋದ ಗಟ್ಟಿಮುಟ್ಟಾದ ಸೂಟ್‌ಕೇಸು ಅಂಗಡಿಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ ಅಂತ ತಂದು, ಹಾಸಿಗೆಯ ತಲೆಯ ಕಡೆ ಅಡಿಯಲ್ಲಿ ತೂರಿಸಿದ. ಬೆಳಿಗ್ಗೆ ನೋಡಿದರೆ ಹೆಂಡತಿ ಇಳಿಜಾರಿನಲ್ಲಿ ಜಾರಿ ಹಾಸಿಗೆಯ ಬುಡದಲ್ಲಿ ಮುದ್ದೆಯಾಗಿ ಬಿದ್ದಿದ್ದಳು. ಕತ್ತು ಎಡಕ್ಕೆ ಹಿಡಿದುಕೊಂಡಿತ್ತು. ಬಲಗಡೆ ಏನಾದರೂ ನೋಡಬೇಕಾದರೆ ಇಡೀ ದೇಹವನ್ನೇ ತಿರುಗಿಸಬೇಕು.

"ದಯವಿಟ್ಟು ಗಮನಿಸಿ" ಎಂದಳು, ಗೋಡೆಯ ಕಡೆ ನೋಡುತ್ತಾ. "ಇನ್ನೊಂದು ಔಷಧಿ ಅಂತ ಬಂದ್ರೆ ನೋಡಿ."

ಆದರೆ ಶನಿವಾರ ಮಧ್ಯಾಹ್ನ ಆಕೆ ಸೋಫಾದಲ್ಲಿ ನಿದ್ದೆಹೋದಾಗ ಜಿಪ್ಪಣ್ಣನಿಗೆ ತಡೆಯಲಾಗಲಿಲ್ಲ. ಉಳಿದಿದ್ದು ಟೀ ಬ್ಯಾಗೊಂದೇ. ಚೀಲಕ್ಕೆ ಚೀಲವೇ ಮದ್ದು ಅನ್ನುವುದು ಅವನ ಕಸುಬಿಗೂ ಒಪ್ಪುವ ಮಾತು. ಎರಡು ಟೀ ಬ್ಯಾಗುಗಳನ್ನು ಕಡುಕಪ್ಪಾಗುವವರೆಗೆ ಕುದಿಸಿ, ಆರಿಸಿ, ಸದ್ದಿಲ್ಲದೆ ಆಕೆಯ ಕಣ್ಣ ಕೆಳಗೆ ಇಟ್ಟ. ಪಕ್ಕದಲ್ಲೇ ಕಾವಲು ಕೂತ. ಕಾವಲುಗಾರನಿಗೂ ನಿದ್ದೆ ಬಂತು.

ಎಚ್ಚರವಾದಾಗ ಹೆಂಡತಿ ಕನ್ನಡಿಯ ಮುಂದೆ ಓರೆಯಾಗಿ ನಿಂತಿದ್ದಳು. ಕಣ್ಣ ಸುತ್ತ ದಟ್ಟ ಕಂದು ಬಣ್ಣದ ಎರಡು ಉಂಗುರ. ಸೋಪು, ಎಣ್ಣೆ, ಹಾಲಿನ ಕೆನೆ, ಯಾವುದಕ್ಕೂ ಜಗ್ಗಲಿಲ್ಲ.

"ಮೊದಲು ಬರೀ ಚೀಲ ಇತ್ತು" ಎಂದಳು ಮೆಲ್ಲಗೆ. (ಆಕೆ ಮೆಲ್ಲಗೆ ಮಾತಾಡಿದರೆ ಜಿಪ್ಪಣ್ಣನಿಗೆ ಹೆಚ್ಚು ಭಯ.) "ಈಗ ಬಣ್ಣ ಬಳಿದು, ಕತ್ತು ತಿರುಚಿ ಇಟ್ಟಿದ್ದೀರಿ. ನಾಳೆ ಅಮ್ಮನಿಗೆ ನೀವೇ ಉತ್ತರ ಹೇಳಿ."

ಭಾನುವಾರ ಬೆಳಿಗ್ಗೆ ಹೆಂಡತಿಗೆ ಡ್ಯೂಟಿ. ಅತ್ತೆಯನ್ನು ಕರೆತರಲು ಜಿಪ್ಪಣ್ಣನೂ ನಿಲ್ದಾಣಕ್ಕೆ ಹೋದ. ರೈಲು ತಡವಾಗಲಿ, ಆದಷ್ಟೂ ತಡವಾಗಲಿ ಅಂತ ಬೇಡಿಕೊಂಡ. ಧ್ವನಿವರ್ಧಕದಲ್ಲಿ ಅವನ ಹೆಂಡತಿಯೇ, ಒಂದಿಷ್ಟೂ ಕರುಣೆಯಿಲ್ಲದೆ, ರೈಲು ಸರಿಯಾದ ಸಮಯಕ್ಕೆ ಬರುತ್ತಿದೆ ಎಂದು ಸಾರಿದಳು.

ಅತ್ತೆ ಇಳಿದರು. ದಪ್ಪ ಫ್ರೇಮಿನ ಕನ್ನಡಕ, ಕೈಯಲ್ಲಿ ಎರಡು ದೊಡ್ಡ ಬ್ಯಾಗು. ಬ್ಯಾಗಿನ ಗಾತ್ರ ನೋಡಿಯೇ ಅವನು ಎಷ್ಟು ವಾರದ ಬಟ್ಟೆ ಇರಬಹುದೆಂದು ಲೆಕ್ಕ ಹಾಕಿದ. ಪ್ಲಾಟ್‌ಫಾರಂನ ಧೂಳಿಗೆ ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಆಗ ಜಿಪ್ಪಣ್ಣ ನೋಡಿದ.

ಇಷ್ಟು ವರ್ಷದಲ್ಲಿ ಅತ್ತೆಯ ಮುಖವನ್ನು ನೆಟ್ಟಗೆ ನೋಡುವ ಧೈರ್ಯ ಅವನಿಗೆ ಬಂದೇ ಇರಲಿಲ್ಲ. ಅವರ ಚಪ್ಪಲಿಯ ಪರಿಚಯ ಚೆನ್ನಾಗಿತ್ತು, ಹಣೆಯದು ಫೋನಿನಲ್ಲಿ ಆಗಿತ್ತು. ನಡುವಿನ ಭಾಗ ಇವತ್ತೇ ಮೊದಲು. ಅವರ ಕಣ್ಣ ಕೆಳಗೆ ಎರಡು ಭರ್ಜರಿ ಚೀಲಗಳು! ಕಸುಬುದಾರನ ಕಣ್ಣು ಕ್ಷಣದಲ್ಲಿ ಗುರುತಿಸಿತು. ಅದೇ ಆಕಾರ, ಅದೇ ಮಡಿಕೆ, ಅದೇ ಕಂಪನಿ ಮಾಲು. ಮಗಳದು ಸಣ್ಣ ಸೈಜು, ಅಷ್ಟೆ.

"ಅತ್ತೇ!" ಎಂದು ಕಿರುಚಿದ. "ನಿಮಗೂ ಚೀಲ ಇದೆ!"

ಇಳಿಯುತ್ತಿದ್ದ ಪ್ರಯಾಣಿಕರೆಲ್ಲ ತಮ್ಮ ತಮ್ಮ ಚೀಲ ಮುಟ್ಟಿ ನೋಡಿಕೊಂಡರು.

"ಕೈಯಲ್ಲೇ ಇದೆಯಲ್ಲ ಅಳಿಯಂದ್ರೇ, ಹಿಡ್ಕೊಳ್ಳಿ" ಎಂದರು ಅತ್ತೆ.

"ಅದಲ್ಲ ಅತ್ತೆ, ಕಣ್ಣ ಕೆಳಗೆ! ನಿಮ್ಮ ಮಗಳದ್ದು ನಿಮ್ಮದೇ! ನಿಮ್ಮ ಮನೆತನದ್ದು! ನಾನೇನೂ ಮಾಡಿಲ್ಲ!"

ಅಷ್ಟರಲ್ಲಿ ಗಾಜಿನ ಕೋಣೆಯಿಂದ ಹೆಂಡತಿ ಬಂದಳು, ಕತ್ತು ಎಡಕ್ಕೆ, ಕಣ್ಣಿಗೆ ಕಂದು ಉಂಗುರ. ಅತ್ತೆ ಕನ್ನಡಕ ಹಾಕಿಕೊಂಡು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಜಿಪ್ಪಣ್ಣನ ಸಂಭ್ರಮ ಗಾಳಿ ಹೋದ ಚಕ್ರದಂತಾಯಿತು.

"ಏನೇ ಇದು?"

"ಇವರ ಔಷಧಿ ಅಮ್ಮಾ" ಎಂದಳು ಮಗಳು. ಉಪ್ಪಿಲ್ಲದ ಸೂಪು, ಐಸಿನಂಥ ಚಮಚ, ಸೂಟ್‌ಕೇಸು, ಟೀ ಬ್ಯಾಗು, ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು. ಜಿಪ್ಪಣ್ಣ ಕಣ್ಣು ಮುಚ್ಚಿ ನಿಂತ.

ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ನನಗೂ ನಿನ್ನ ವಯಸ್ಸಿಗೇ ಬಂದಿದ್ದು ಕಣೇ. ನಿಮ್ಮಪ್ಪ ಇವತ್ತಿನವರೆಗೆ ಏನದು ಅಂತ ಕೇಳಿದವರಲ್ಲ. ಒಂದು ಚಮಚ ತಣ್ಣಗೆ ಮಾಡಿ ಕೊಟ್ಟವರಲ್ಲ. ಇಂಥ ಗಂಡ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು." ಆಮೇಲೆ ಅಳಿಯನ ಕಡೆ ತಿರುಗಿ, ಎಂದೂ ಇಲ್ಲದ ಮೆದು ದನಿಯಲ್ಲಿ, "ನನಗೂ ಮಾಡ್ತೀರಾ ಅಳಿಯಂದ್ರೇ? ವಾಸಿಯಾಗೋವರೆಗೂ ಇಲ್ಲೇ ಇರ್ತೀನಿ" ಎಂದರು.

ಜಿಪ್ಪಣ್ಣ ಹೆಂಡತಿಯ ಕಡೆ ದಿಕ್ಕುಗೆಟ್ಟು ನೋಡಿದ. ಆಕೆಯ ಕತ್ತು ಆ ಕಡೆ ತಿರುಗುವ ಸ್ಥಿತಿಯಲ್ಲಿರಲಿಲ್ಲ.

"ಮಾವ ಮನೇಲಿ ಒಬ್ಬರೇ ಆಗ್ತಾರಲ್ಲ ಅತ್ತೆ?"

"ಇರಲಿ ಬಿಡಿ. ಬುದ್ಧಿ ಬರುತ್ತೆ."

ಸಂಜೆ ಮಾವನೇ ಫೋನ್ ಮಾಡಿದರು. ಹಿನ್ನೆಲೆಯಲ್ಲಿ ಟಿವಿ ಜೋರಾಗಿ ಓಡುತ್ತಿತ್ತು. "ಅವಸರ ಮಾಡಬೇಡಿ ಅಳಿಯಂದ್ರೇ" ಎಂದರು. "ಇಂಥದ್ದೆಲ್ಲ ನಿಧಾನವಾಗಿ, ಬೇರುಸಮೇತ ವಾಸಿಯಾಗಬೇಕು." ಅಷ್ಟು ಆರೋಗ್ಯವಂತ ದನಿಯನ್ನು ಜಿಪ್ಪಣ್ಣ ಅವರಿಂದ ಹಿಂದೆಂದೂ ಕೇಳಿರಲಿಲ್ಲ.

ಸೋಮವಾರ ತನ್ನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಜಿಪ್ಪಣ್ಣ ಮೆಡಿಕಲ್ ಷಾಪಿನ ಮುಂದೆ ನಿಂತಿದ್ದ. ಬೀರುವಿನಿಂದ ಹೊರಬಿದ್ದ ಅವನ ಬಟ್ಟೆಗಳು ಒಂದು ಹಳೇ ಸೂಟ್‌ಕೇಸಿನಲ್ಲಿ ಅವನ ಜೊತೆಗೇ ಬಂದಿದ್ದವು.

"ಮನೆತನದಿಂದ ಬಂದದ್ದು ಅಂತ ಏನೋ ಹೇಳ್ತಿದ್ದೆಯಲ್ಲಪ್ಪಾ, ಅದು ಹೋಗೋಕೆ ಎಷ್ಟು ದಿನ ಬೇಕು?"

ಮೆಡಿಕಲ್ ಷಾಪಿನವನು ಮಾತ್ರೆ ಎಣಿಸುವುದನ್ನು ನಿಲ್ಲಿಸಿ, ಮೊದಲ ಸಲ ತಲೆಯೆತ್ತಿ ಅವನನ್ನು ಮರುಕದಿಂದ ನೋಡಿದ.

"ಅದು ಹೋಗಲ್ಲ ಸರ್" ಎಂದ. "ಒಮ್ಮೆ ಬಂದ ಮೇಲೆ ಇರೋದೇ. ನೀವೇ ಹೊಂದಿಕೊಂಡು ಹೋಗಬೇಕು."