ಅತ್ತೆಯ ತೋಟಕ್ಕೆ ನೀರು ಬಂತಾ?

ವೇಣೂರಿನ ಆಸುಪಾಸಿನಲ್ಲಿ ಸುಳ್ಳು ಹೇಳುವ ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನನ್ನ ಅತ್ತೆಗೇ. ಎರಡನೆಯದು ನನಗೆ. ಮೂರನೆಯದನ್ನು ತೀರ್ಪುಗಾರರೇ ಇಟ್ಟುಕೊಳ್ಳಲಿ!

ಅತ್ತೆ ಎಂದರೆ ಅಪ್ಪನ ಅಕ್ಕ. ಆಸ್ತಿ ಪಾಲಾದಾಗ ಬಾವಿ, ಪಂಪು, ಬಾವಿಯ ಸುತ್ತಲಿನ ತೋಟ ಅಪ್ಪನಿಗೆ ಬಂತು; ಅತ್ತೆಗೆ ಗುಡ್ಡದಾಚೆಯ ಮುರಕಲ್ಲಿನ ಒಣ ನೆಲದ ತುಂಡು. "ನೀರು ನಾನು ಕೊಡ್ತೇನಲ್ಲ ಅಕ್ಕ" ಎಂದು ಅಪ್ಪ ಬಾಯಿಮಾತು ಕೊಟ್ಟರು. ಬಾಯಿಮಾತಿಗೇನು, ಕರೆಂಟು ಬಿಲ್ಲು ಬರುವುದಿಲ್ಲವಲ್ಲ! ಅದನ್ನು ನಂಬಿ ಅತ್ತೆ ಆ ಕಲ್ಲಿನ ಮೇಲೆ ಜಾಯಿಕಾಯಿ ಗಿಡ ನೆಟ್ಟರು.

ಗುಡ್ಡದಾಚೆ ಮೊಬೈಲಿಗೆ ರೇಂಜಿಲ್ಲ, ವ್ಯವಹಾರವೆಲ್ಲ ಗಂಟಲಿನದ್ದು. ಅಪ್ಪ ತನ್ನ ತೋಟಕ್ಕೆಲ್ಲ ಕುಡಿಸಿದ ಮೇಲೆ ಅತ್ತೆಯ ಪೈಪಿಗೆ ನೀರು ತಿರುಗಿಸಿ ಕೂಗುತ್ತಾರೆ: "ಅಕ್ಕಾ, ಬಂತಾಆಆ?"

ಮೊದಲ ಸಲ ಅತ್ತೆ, ಪಾಪ, "ಬಂತು" ಎಂದರು. ಅಪ್ಪ ತಕ್ಷಣ ಪಂಪು ನಿಲ್ಲಿಸಿದರು! ನೆಂಟರು ಬಂದರೆಂದು ಖಾತ್ರಿ ಮಾಡಿಕೊಂಡು ಬಾಗಿಲು ಹಾಕಿದ ಹಾಗೆ.

ಅಂದಿನಿಂದ ಅತ್ತೆ ಸತ್ಯ ಬಿಟ್ಟರು. ಸೀರೆ ಮೊಣಕಾಲಿನವರೆಗೆ ಒದ್ದೆ, ಕಾಲಡಿಯಲ್ಲಿ ಕೆಸರು, ಬಾಯಲ್ಲಿ ಮಾತ್ರ "ಎಂಥದ್ದು ಬರುವುದು ಮಾರಾಯ! ಗಾಳಿ ಬರ್ತಾ ಉಂಟು!"

ಅಪ್ಪನಿಗೆ ಗುಮಾನಿಯಾಗಿ ನನ್ನನ್ನು ಪತ್ತೇದಾರನಾಗಿ ಕಳುಹಿಸಿದರು. ಮೂಡಬಿದ್ರೆಯ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಸ್ವರ ಅಣಕಿಸುವಾಗ ಅವರನ್ನೇ ಬೆನ್ನ ಹಿಂದೆ ನಿಲ್ಲಿಸಿಕೊಂಡಿದ್ದ ಪ್ರತಿಭಾವಂತ ನಾನು! ಅತ್ತೆ ಒಂದು ತಟ್ಟೆ ಗೋಳಿಬಜೆಗೆ ನನ್ನನ್ನು ಕೊಂಡುಕೊಂಡರು. ಅತ್ತೆಯ ಸ್ವರದಲ್ಲೇ "ಇಲ್ಲ ಮಾರಾಯಾ" ಎಂದು ಕೂಗಿದೆ.

"ನನ್ನ ಸ್ವರ ಹೀಗೆ ಕಾಗೆಯ ಹಾಗೆ ಉಂಟಾ?"

"ಛೆ, ಇಲ್ಲ ಅತ್ತೆ. ಕಾಗೆಯದ್ದು ಇಷ್ಟು ದೂರ ಕೇಳುವುದಿಲ್ಲ."

ಈ ವರ್ಷ ಬೇಸಿಗೆ ಮಳೆ ಒಂದೂ ಬೀಳಲಿಲ್ಲ. ಬಾವಿ ಇಳಿದ ಹಾಗೆ ಅಪ್ಪ ಅತ್ತೆಯ ಸರದಿಯನ್ನೇ ಮರೆಯತೊಡಗಿದರು. ತನ್ನ ತೋಟದ ಸರದಿ ಮಾತ್ರ ನೆನಪಿರುವ ವಿಚಿತ್ರ ಮರೆವು! ಜಾಯಿಕಾಯಿ ಎಲೆ ಬೀಡಿ ಎಲೆಯ ಬಣ್ಣಕ್ಕೆ ತಿರುಗಿದಾಗ ಅತ್ತೆ ಇಳಿದು ಬಂದು ನಮ್ಮ ಅಂಗಳದಲ್ಲಿ ನಿಂತರು.

"ಗಿಡ ಸಾಯ್ತಾ ಉಂಟು. ನೀರು ಬಿಡು, ಇಲ್ಲದಿದ್ದರೆ ಪಾಲು ಪುನಃ ಮಾಡುವ."

ಅಪ್ಪ ಹೋಗಿ ಪಂಪಿನ ಸ್ವಿಚ್ಚು ಹಾಕಿದರು.

ನಾನೂ ಅತ್ತೆಯೂ ಗುಡ್ಡ ದಾಟಿ ಪೈಪಿನ ಬಾಯಿಯ ಹತ್ತಿರ ನಿಂತೆವು. ಪೈಪು ಕೆಮ್ಮಿತು. ಅತ್ತೆ ಹಿಡಿದ ತೆಂಗಿನ ಗೆರಟೆಗೆ ಅರ್ಧದಷ್ಟು ಕೆಸರುನೀರು ಉಗುಳಿತು. ಮತ್ತೆ ಬರೀ ಗಾಳಿ. ಬಾವಿ ತಳ ಮುಟ್ಟಿತ್ತು.

"ಅಕ್ಕಾ, ಬಂತಾಆಆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೂಗಿದರು: "ಬಂತು ಮಾರಾಯ! ಬೇಕಾದಷ್ಟು ಬಂತು! ನಿಲ್ಲಿಸು!"

ಆಚೆ ಪಂಪು ನಿಂತಿತು.

"ಎಂಥ ಅತ್ತೆ ನೀವು! ಒಂದು ಗಿಡಕ್ಕೂ ಸಿಗಲಿಲ್ಲವಲ್ಲ!"

"ಪಾಲಿನ ದಿನ ಬಾವಿಯಲ್ಲಿ ನನಗೂ ಪಾಲು ಬೇಕು ಎಂದದ್ದು ಅವನಿಗೆ ಕೇಳಲಿಲ್ಲ. ಇದಾದರೂ ಕೇಳಿತಲ್ಲ" ಎಂದರು ಅತ್ತೆ. "ತಳದಲ್ಲಿ ಉಳಿದದ್ದು ನಿಮಗೆ ಕುಡಿಯಲಿಕ್ಕೆ ಬೇಡವಾ?"

ಆಮೇಲೆ ಗೆರಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾವ ಗಿಡಕ್ಕೆ ಹೊಯ್ಯುವುದೆಂದು ಒಂದೊಂದನ್ನೇ ನೋಡುತ್ತ ನಡೆದರು.