ಮಾವನ ಸಂಚಿಯ ಆರನೇ ಬೀಜ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಒಮ್ಮೆ ಶಾಯಿ ಇರಲಿಲ್ಲ, ಒಮ್ಮೆ ಕನ್ನಡಕ ಸಿಗಲಿಲ್ಲ. ಎರಡೂ ಇದ್ದ ದಿನ ಧೈರ್ಯ ಇರಲಿಲ್ಲ! ಇವತ್ತು ಮೊದಲು ಅವರ ಹೆಸರು ಬರೆದೆ, ಬರೆದು ಹೊಡೆದುಹಾಕಿದೆ. ಕ್ಷಮೆ ಕೇಳದವನು ಯಾವ ಬಾಯಲ್ಲಿ ಹೆಸರು ಹೇಳಬೇಕು? ಮಾವ ಎಂದಷ್ಟೇ ಅನ್ನುತ್ತೇನೆ.

ನಮ್ಮ ಮಾವನಂಥ ಪುಕ್ಕಲು ಧೈರ್ಯಶಾಲಿ ಇಡೀ ಶಿರಾ ತಾಲ್ಲೂಕಿನಲ್ಲಿ ಇರಲಿಲ್ಲ. ಚಿರತೆ ಬಂದರೆ ದೊಣ್ಣೆ ಹಿಡಿದು ನಿಲ್ಲುವವರು. ಮಗು ಕೆಮ್ಮಿದರೆ ಕೈಕಾಲು ನಡುಕ! ಅಮ್ಮನ ತಮ್ಮ, ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದವರು. ಚಿಕ್ಕಂದಿನಲ್ಲಿ ಕುರಿ ಕಾಯ್ದಿದ್ದರು. ಬೆಳಿಗ್ಗೆ ರೊಪ್ಪದಿಂದ ಹೊರಟ ಒಂದೊಂದು ಕುರಿಗೂ ಒಂದು ಕಲ್ಲು ಸಂಚಿಗೆ. ಸಂಜೆ ಒಳಗೆ ಬಂದ ಒಂದೊಂದಕ್ಕೂ ಒಂದು ಕಲ್ಲು ಹೊರಗೆ. ಸಂಚಿ ಖಾಲಿಯಾದರೆ ಮಂದೆ ಪೂರ್ತಿ. ಇದೇ ಲೆಕ್ಕವನ್ನು ಮಕ್ಕಳಿಗೂ ಹಚ್ಚಿದ್ದರು. ಕಲ್ಲಿನ ಬದಲು ಹುಣಸೆಬೀಜ. ಮಕ್ಕಳಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಆ ವರ್ಷ ಒಳ್ಳೆಯ ಮಳೆಯಾಗಿ ಗೌಡಗೆರೆ ಕಡೆಯ ಕೆರೆಯೊಂದು ತುಂಬಿತು. ಜೊಂಡಿನ ತುಂಬ ಕೊಕ್ಕರೆಗಳು ಇಳಿದಿದ್ದವು. ನೋಡಲು ಗಾಡಿ ಕಟ್ಟಿದೆವು: ಅಮ್ಮ, ಮಾವ, ನಾನು, ತಂಗಿ, ಕೊಳಾಲದಿಂದ ಬಂದಿದ್ದ ಚಿಕ್ಕಮ್ಮನ ಮೂರು ಮಕ್ಕಳು. ಹತ್ತುವಾಗ ಮಕ್ಕಳೆಲ್ಲ ತಲೆಗೊಂದು ಬೀಜವನ್ನು ಸಂಚಿಗೆ ಹಾಕಬೇಕು. ನಾನು ಎರಡು ಹಾಕಿದೆ. ಯಾಕೆ? ಹತ್ತು ವರ್ಷದವನಿಗೆ ಕಾರಣ ಬೇಕೇ! ಸಂಜೆ ಮಾವ ತಲೆ ಕೆರೆದುಕೊಳ್ಳುವುದನ್ನು ನೋಡಬೇಕಿತ್ತು.

ದಾರಿಯಲ್ಲಿ ಬೀದಿ ಮಕ್ಕಳು ಗಾಡಿಯ ಹಿಂದೆ ನೇತಾಡಿ, ಇಳಿದು ಓಡುತ್ತಿದ್ದವು. ಮಾವನ ಎದೆ ಆಗಲೇ ಡವಡವ. ಕೆರೆ ಏರಿಯ ಮೇಲೆ ಇಳಿದವರೇ ನಮ್ಮ ಐವರ ಸೊಂಟಕ್ಕೂ ಒಂದೇ ಹಗ್ಗ ಬಿಗಿದರು.

“ಏನ್ಲಾ ಇದು? ಮಕ್ಳಾ, ದನಾನಾ?” ಎಂದರು ಅಮ್ಮ.

“ಕೆಸರು ಎಳ್ಕೊಂಬುಟ್ರೆ ಏನ್ ಮಾಡ್ತೀಯಕ್ಕ? ಒಬ್ರು ಜಾರಿದ್ರೆ ನಾಕು ಜನ ಹಿಡ್ಕಂತಾರೆ.”

ತಂಗಿ ಜಾರಿದಳು. ಐವರೂ ಕೆಸರಿಗೆ ಬಿದ್ದೆವು!

“ಕೊಕ್ಕರೆ ತಾವ ಹೋಗ್ಬ್ಯಾಡ್ರಿ. ಕಣ್ಣು ಮಿಟುಕಿಸಿದ್ರೆ ಮೀನು ಅನ್ಕಂಬುಡ್ತವೆ,” ಎಂದರು ಮಾವ. ಹೀಗಾಗಿ ನಾವು ಕಣ್ಣು ಮುಚ್ಚಿಕೊಂಡೇ ಕೊಕ್ಕರೆ ನೋಡಿದೆವು.

ಹೊತ್ತು ಇಳಿಯಿತು. ಒಬ್ಬೊಬ್ಬರಾಗಿ ಬೀಜ ತೆಗೆದುಕೊಂಡು ಗಾಡಿ ಹತ್ತಿದೆವು. ಸಂಚಿಯಲ್ಲಿ ಒಂದು ಉಳಿಯಿತು. ಮಾವನ ಮುಖ ಬಿಳಿಚಿಕೊಂಡಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.

“ಐದು ಬಂದ್ವು, ಐದೂ ಇಲ್ಲೇ ಅವೆ. ಬಾರ್ಲಾ,” ಎಂದರು ಅಮ್ಮ.

“ಬೀಜ ಸುಳ್ಳೇಳಲ್ಲ ಕಣಕ್ಕ. ದಾರೀಲಿ ಯಾರ್ದೋ ಮಗು ಹತ್ಕೊಂಡೈತೆ. ನನ್ನ ನಂಬಿ ಬೀಜಾನೂ ಹಾಕೈತೆ. ನಾನು ಮುಖಾನೇ ನೋಡ್ಲಿಲ್ಲ!”

ಈಜು ಬಾರದ ಮಾವ ಜೊಂಡಿಗೆ ಇಳಿದರು. ಮೊಣಕಾಲು, ಸೊಂಟ, ಎದೆ. “ಬಾ ಮಗಾ, ಬಯ್ಯಲ್ಲ, ಬಾ,” ಎಂದು ಇಲ್ಲದ ಮಗುವನ್ನು ಕೂಗಿದರು. ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ನನ್ನ ನಗು ನಿಂತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಹೇಳಿದರೆ ಅಮ್ಮ ಚರ್ಮ ಸುಲಿಯುತ್ತಾರೆಂಬ ಭಯ. ನೀರು ಗದ್ದಕ್ಕೆ ಬಂತು. ಆಗಲೂ ಹೇಳಲಿಲ್ಲ! ಮೀನಿಗೆ ಬಲೆ ಹಾಕುತ್ತಿದ್ದ ಇಬ್ಬರು ಅವರನ್ನು ದಡಕ್ಕೆ ಎಳೆದು ತಂದರು.

ಮಾವ ಸುತ್ತಲ ಊರುಗಳಲ್ಲೆಲ್ಲ ಮನೆಮನೆ ಕೇಳಿದರು. ಯಾರ ಮಗುವೂ ಕಳೆದಿರಲಿಲ್ಲ. “ಅಂಗಾದ್ರೆ ಕೇಳೋರಿಲ್ಲದ ಮಗು,” ಎಂದುಕೊಂಡರು. ಅಂದಿನಿಂದ ದಿನಾ ಸಂಜೆ ಜಗಲಿಯ ಮೇಲೆ ಅದಕ್ಕೊಂದು ಮುದ್ದೆ. ಬೆಳಿಗ್ಗೆ ತಟ್ಟೆ ಖಾಲಿ. “ಬಂದು ಉಂಡೋಗೈತೆ ಕಣಕ್ಕ!” ಎಂದು ಅರಳಿಬಿಡುವರು.

ನಾಯಿ ತಿನ್ನುತ್ತದೆಂದು ಮನೆಯವರೆಲ್ಲ ನಗುತ್ತಿದ್ದರು. ನಾಯಿಯಲ್ಲ. ಮುದ್ದೆ ಉಳಿದರೆ ಮಾವ ಮತ್ತೆ ಕೆರೆಗೆ ಇಳಿಯುತ್ತಾರೆಂದು ಹೆದರಿ, ನಾಲ್ಕು ವರ್ಷ ನಾನೇ ತಿಂದೆ.

ಆಮೇಲೆ ಹೈಸ್ಕೂಲಿಗೆಂದು ಮಧುಗಿರಿಗೆ ಬಂದೆ. ಹದಿನೈದು ದಿನಕ್ಕೆ ಮಾವ ಹಾಸ್ಟೆಲಿನ ಬಾಗಿಲಲ್ಲಿ! ಕಾಲೆಲ್ಲ ಧೂಳು, ಕೈಯಲ್ಲಿ ಬಟ್ಟೆಯ ಗಂಟು.

“ಆ ಮಗು ಉಣ್ಣಾಕೆ ಬರ್ತಿಲ್ಲ ಕಣ್ಲಾ. ನಿನ್ ಹಿಂದೆ ಏನಾರ ಬಂದೈತಾ?”

ನಿಜ ನಾಲಗೆಯ ತುದಿಗೆ ಬಂದಿತ್ತು. “ಬಂದೈತೆ ಮಾವ,” ಎಂದೆ. “ಇಲ್ಲೇ ಐತೆ. ಚೆನ್ನಾಗೈತೆ.”

ಮಾವ ನನ್ನನ್ನೇ ನೋಡಿದರು. ಗಂಟು ಬಿಚ್ಚಿ ಎರಡು ಮುದ್ದೆ ಮುಂದಿಟ್ಟರು. ಸಂಚಿಯಿಂದ ಅಂದು ಉಳಿದಿದ್ದ ಆ ಬೀಜ ತೆಗೆದು ನನ್ನ ಅಂಗೈಗೆ ಹಾಕಿದರು; ಖಾಲಿ ಸಂಚಿಯನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಇಬ್ರೂ ಹೊಟ್ಟೆ ತುಂಬ ಉಣ್ರಪ್ಪ,” ಎಂದರು.

ತಲೆ ಎತ್ತದೆ ಎರಡನ್ನೂ ತಿಂದೆ.